ಎಂಟು ಮಿಲಿಮೀಟರು

ಮೂಡಲಪಾಳ್ಯದ ಸರ್ಕಲ್ಲಿನ ಕಡೆಯಿಂದ ಜಂಬಣ್ಣನವರ ಬಿಳಿ ಕಾರು ಗಲ್ಲಿಗೆ ತಿರುಗಿದ್ದು ಕಂಡ ಕೂಡಲೇ ರೇವಣಸಿದ್ದನಿಗೆ ಎದ್ದು ಒಳಗೆ ಹೋಗಿಬಿಡೋಣ ಅನ್ನಿಸಿತು. ಒಳಗೆ ಅಂದರೆ ಎಲ್ಲಿಗೆ? ವೀಲ್ ಅಲೈನ್‌ಮೆಂಟ್ ಅಂಗಡಿಗೆ ಒಳಗು ಅನ್ನುವುದೇ ಇರುವುದಿಲ್ಲ. ಒಂದು ಗುಂಡಿ, ಗುಂಡಿಯ ಎರಡು ಬದಿಗೆ ಎರಡು ಕಬ್ಬಿಣದ ಹಲಗೆ, ಗೋಡೆಗೆ ಒರಗಿಸಿದ ಹಳೇ ಟೈರು, ಮೂಲೆಯ ಗಾಜಿನ ಗೂಡಿನಲ್ಲಿ ಕಂಪ್ಯೂಟರು, ಅಷ್ಟೆ. ಅಡಗಿಕೊಳ್ಳಬೇಕೆಂದರೆ ಗುಂಡಿಗೇ ಇಳಿಯಬೇಕು. ಐವತ್ತಮೂರು ವರ್ಷದ ಗಂಡಸು ಒಂದು ಕಾರಿಗೆ ಹೆದರಿ ಗುಂಡಿಗೆ ಇಳಿಯುವುದೆ, ಥೂ, ಅಂದುಕೊಂಡು ಸ್ಟೂಲಿನ ಮೇಲೇ ಕೂತ. ಮುಂದಿನ ಗಾಜಿನಲ್ಲಿ ಮರದ ನೆರಳು ಬಿದ್ದು ಒಳಗೆ ಯಾರಿದ್ದಾರೆ ಅಂತ ಮೊದಲಿಗೆ ಕಾಣಿಸಲಿಲ್ಲ. ಕಾರು ಹತ್ತಿರ ಬಂದ ಮೇಲೆ ಕಂಡಿತು, ಓಡಿಸುತ್ತಿದ್ದವಳು ಮಗಳು ಶರಣ್ಯಾ, ಪಕ್ಕದ ಸೀಟು ಖಾಲಿ. ಸದ್ಯ, ಅಂದುಕೊಂಡ. ಅಂದುಕೊಂಡ ಮೇಲೆ ಅದೇ ಖಾಲಿ ಸೀಟು ಇನ್ನೊಂದು ಥರ ಹೆದರಿಸಿತು. ಆ ಕಾರಿಗೆ ಜಂಬಣ್ಣನವರಿಲ್ಲದೆ ಬಂದು ಅಭ್ಯಾಸವೇ ಇಲ್ಲ. ಹೋಗಿಬಿಟ್ಟರೇ? ಅವರು ಕೊನೆಯ ಸಲ ಬಂದು ಹದಿನಾಲ್ಕು ತಿಂಗಳಾಯಿತಲ್ಲ. ಎಪ್ಪತ್ತು ದಾಟಿದವರು.

ಅಪ್ಪಾಜಿ ಹೇಗಿದಾರೆ ಅಂತ ಕೇಳಿದ. ಅವಳು ಬ್ಯಾಗಿನಲ್ಲಿ ಏನೋ ಹುಡುಕುತ್ತ, "ಇದಾರೆ" ಅಂದಳು. ಆ ಒಂದು ಮಾತನ್ನು ಅವಳು ಹೇಳಿದ ರೀತಿ ಅವನಿಗೆ ಸರಿಬೀಳಲಿಲ್ಲ. ಚೆನ್ನಾಗಿದಾರೆ ಅನ್ನಬಹುದಿತ್ತು, ಹುಷಾರಿಲ್ಲ ಅನ್ನಬಹುದಿತ್ತು. ಇದಾರೆ ಅಂದರೆ ಮನೆಯಲ್ಲಿ ಕುರ್ಚಿ ಇದೆ, ಮೇಜು ಇದೆ ಅಂದ ಹಾಗಾಯಿತು. ಕಾರು ಮಾರುತ್ತಿದ್ದೇವೆ, ನಾಳೆ ಬೆಳಿಗ್ಗೆ ಕೊಳ್ಳುವವರು ಮೆಕ್ಯಾನಿಕ್ ಕರೆದುಕೊಂಡು ಬರುತ್ತಾರೆ, ಒಂದು ಸಲ ಚೆಕ್ ಮಾಡಿ ಎಲ್ಲಾ ಸರಿ ಇದೆ ಅನ್ನುವ ಹಸಿರು ರಿಪೋರ್ಟ್ ಕೊಟ್ಟುಬಿಡಿ, ಅಷ್ಟು ಸಾಕು ಅಂತ ಹೇಳಿದಳು. ಬೆಳಿಗ್ಗೆಯಿಂದ ಕರೆಂಟಿಲ್ಲ ಮೇಡಂ, ನಾಲ್ಕು ಗಂಟೆ ಆಗುತ್ತಂತೆ, ಯುಪಿಎಸ್ ಕೂಡ ಕೈಕೊಟ್ಟಿದೆ, ಓನರ್ರು ಗೋಪೀನಾಥ ಕೆಂಗೇರಿಗೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದಾರೆ ಅಂತ ರೇವಣಸಿದ್ದ ಒಂದರ ಹಿಂದೊಂದು ಕಾರಣ ಕೊಟ್ಟ. ನಾಳೆ ಬನ್ನಿ ಅಂತಲೋ, ಬೇರೆ ಅಂಗಡಿಗೆ ಹೋಗಿ ಅಂತಲೋ ತುದಿಗೆ ಸೇರಿಸಬೇಕಿತ್ತು. ಅದು ಬಾಯಿಗೆ ಬರಲಿಲ್ಲ. ಅವಳು ರಾಜಾಜಿನಗರದಲ್ಲಿ ಬ್ಯಾಂಕಿನ ಕೆಲಸಕ್ಕೆ ಹೋಗುವ ಆತುರದಲ್ಲಿದ್ದಳು. ಕರೆಂಟ್ ಬಂದಾಗ ಮಾಡಿ, ಸಂಜೆ ಬಸವೇಶ್ವರನಗರಕ್ಕೆ ಮನೆಗೇ ತಂದುಬಿಡಿ ಅಂತ ಕೀ ಕೊಟ್ಟು, ಎದುರಿಗೆ ಬಂದ ಆಟೋ ಹತ್ತಿ ಹೋದಳು. ಕೀ ಗೊಂಚಲಿನಲ್ಲಿ ಪುಟ್ಟ ಹಿತ್ತಾಳೆಯ ಲಿಂಗಮುದ್ರೆ ಇತ್ತು. ಜಂಬಣ್ಣನವರು ಮಾತಾಡುವಾಗ ಅದನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದರು.

ಅವರು ಮೊದಲನೇ ಸಲ ಬಂದಾಗ ಬೋಣಿಗೆಯ ಹೊತ್ತು. ಅಂಗಿಯ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡ, ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಬಳ್ಳಾರಿ ಕಡೆಯವರು, ಸರ್ವೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಗಡಿಕಲ್ಲು ನೋಡಿ ರಿಟೈರಾದವರು. ಹೆಸರು ಕೇಳಿ, ಎಲ್ಲರ ಹಾಗೆ ಸಿದ್ದಣ್ಣ ಅನ್ನದೆ, ರೇವಣಸಿದ್ದಪ್ಪನವರೆ ಅಂತ ಪೂರ್ತಿ ಕರೆದರು. ಬಾಪೂಜಿ ನಗರದ ವಠಾರದಲ್ಲಿ ಹುಟ್ಟಿದ ಅವನನ್ನು ಹಾಗೆ ಕರೆದವರು ಅವರೊಬ್ಬರೇ, ಅದಕ್ಕೆ ಅವನಿಗೆ ಒಳಗೊಳಗೇ ಖುಷಿಯಾಗಿತ್ತು. "ಸ್ಟೇರಿಂಗ್ ನೆಟ್ಟಗ ಐತ್ರಿ. ಗಾಡೀನ ಸೊಟ್ಟ ನಡೀತೈತಿ. ಮೂತಿ ಡಿವೈಡರ್ ನೋಡ್ತೈತಿ, ಹೋಗೋದು ಫುಟ್‌ಪಾತ್ ಕಡಿಗೆ" ಅಂದರು. ಇಂಥ ಮಾತನ್ನು ಅವನು ಅದುವರೆಗೆ ಕೇಳಿರಲಿಲ್ಲ. ಕಾರು ಎಡಕ್ಕೆ ಎಳೆಯುತ್ತೆ, ಬಲಕ್ಕೆ ಎಳೆಯುತ್ತೆ, ಸ್ಟೇರಿಂಗ್ ನಡುಗುತ್ತೆ, ಇವು ದಿನಾ ಬರುವ ದೂರು. ನೇರ ಹೋಗುತ್ತದೆ, ಆದರೆ ಸೊಟ್ಟಗೆ ನೇರ ಹೋಗುತ್ತದೆ ಅಂದರೆ ಏನು ಮಾಡುವುದು? ಮುಂದಿನ ಎರಡು ಚಕ್ರಕ್ಕೆ ಕಂಪ್ಯೂಟರಿನ ಅಳತೆಯ ಹೆಡ್ಡು ಸಿಕ್ಕಿಸಿದ, ಪರದೆಯ ಮೇಲೆ ಎರಡೂ ಅಂಕಿ ಹಸಿರಾಗಿ ಬಂದವು, ಪ್ರಿಂಟ್ ತೆಗೆದು ಕೊಟ್ಟ. ಹಿಂದಿನ ಚಕ್ರ ನೋಡಂಗಿಲ್ಲೇನ್ರಿ ಅಂತ ಅವರು ಕೇಳಿದರು. ಸಾರ್, ಈ ಥರ ಸಣ್ಣ ಕಾರಲ್ಲಿ ಹಿಂದಿನದು ಫಿಕ್ಸು, ಅಂದ.

ಹಿಂದಿನದು ಫಿಕ್ಸು. ಆ ಮಾತು ಅವನೊಬ್ಬನದಲ್ಲ, ನಾಗರಭಾವಿಯಿಂದ ನಂದಿನಿ ಲೇಔಟಿನವರೆಗೆ ಇರುವ ಅಷ್ಟೂ ಅಲೈನ್‌ಮೆಂಟ್ ಅಂಗಡಿಗಳ ಮಾತು. ಸಣ್ಣ ಕಾರುಗಳ ಹಿಂದಿನ ಎರಡು ಚಕ್ರ ಒಂದೇ ಕಬ್ಬಿಣದ ಆಕ್ಸಲ್ಲಿಗೆ ಕೂತಿರುತ್ತವೆ. ಮುಂದಿನದರ ಹಾಗೆ ತಿರುಗಿಸಿ ಸರಿಮಾಡಲು ಅಲ್ಲಿ ನಟ್ಟಿಲ್ಲ, ಬೋಲ್ಟಿಲ್ಲ. ತಿರುಗಿಸಲು ಆಗದ್ದನ್ನು ನೋಡಿ ಏನು ಮಾಡುವುದು ಅಂತ ಯಾವ ಕಾಲದಲ್ಲೋ ಯಾರೋ ಅಂದುಕೊಂಡರು, ಎಲ್ಲರೂ ನೋಡುವುದನ್ನೇ ಬಿಟ್ಟರು. ನಾಲ್ಕು ಚಕ್ರಕ್ಕೂ ಹೆಡ್ಡು ಹಾಕಿದರೆ ಇಪ್ಪತ್ತು ನಿಮಿಷ ಜಾಸ್ತಿ. ಹಿಂದೆ ಕೆಂಪು ಬಂದರೆ ಗಿರಾಕಿಗೆ ಉತ್ತರ ಕೊಡುತ್ತ ಇನ್ನೊಂದು ಇಪ್ಪತ್ತು ನಿಮಿಷ. ಮುಂದಿನದನ್ನೇ ಅತ್ತಿತ್ತ ತಿರುಗಿಸಿ ಸ್ಟೇರಿಂಗ್ ನೇರ ಕೂರಿಸಿದರೆ ಗಿರಾಕಿ ತಲೆಯಾಡಿಸಿ ಹೋಗುತ್ತಾನೆ. ಹಿಂದಿನ ಎರಡು ಹೆಡ್ಡುಗಳು ಗೋಡೆಯ ಮೊಳೆಗೆ ನೇತಾಡಿ ನೇತಾಡಿ ಅವುಗಳ ಮೇಲೆ ಜೇಡ ಬಲೆ ಕಟ್ಟಿತ್ತು. ಆ ಬಲೆಯನ್ನು ಜಂಬಣ್ಣನವರು ನೋಡಿದ್ದನ್ನು ರೇವಣಸಿದ್ದ ನೋಡಿದ್ದ.

ಹತ್ತು ದಿನಕ್ಕೆ ಮತ್ತೆ ಬಂದರು. ಈ ಸಲ ಕೈಯಲ್ಲಿ ಚೌಕುಳಿ ಹಾಳೆಯ ನೋಟ್‌ಬುಕ್ಕು. ತಮ್ಮ ಮನೆಯ ಮುಂದೆ ರಸ್ತೆಗೆ ನೀರು ಚೆಲ್ಲಿ, ಅದರ ಮೇಲೆ ಕಾರು ದಾಟಿಸಿ, ಒಣ ಟಾರಿನ ಮೇಲೆ ಮೂಡಿದ ಚಕ್ರದ ಒದ್ದೆ ಗುರುತನ್ನು ಟೇಪು ಹಿಡಿದು ಅಳೆದಿದ್ದರಂತೆ. ಮುಂದಿನ ಚಕ್ರದ ಜಾಡಿನ ಮೇಲೇ ಹಿಂದಿನ ಚಕ್ರ ಬೀಳಬೇಕು. ಇಲ್ಲಿ ಮೂರು ಸೆಂಟಿಮೀಟರ್ ಎಡಕ್ಕೆ ಬಿದ್ದಿತ್ತು. ಐದು ಸಲ ಅಳೆದು, ಐದೂ ಸಲದ ಅಂಕಿ ಬರೆದು, ಚಿತ್ರ ಬಿಡಿಸಿ, ದಿಕ್ಕು ತೋರಿಸಲು ಉತ್ತರಕ್ಕೊಂದು ಬಾಣ ಕೂಡ ಹಾಕಿದ್ದರು. ಗೋಪೀನಾಥ ಆ ಪುಸ್ತಕ ತೆಗೆದುಕೊಂಡು ಹಿಂದೆ ಮುಂದೆ ತಿರುವಿ, ಸಾರ್ ಇದು ಕಾರು, ಸೈಟಲ್ಲ ಅಂತ ನಕ್ಕ. ಟೈರು ಬದಲಾಯಿಸಲು ಬಂದಿದ್ದ ಇಬ್ಬರು ನಕ್ಕರು. ರೇವಣಸಿದ್ದನೂ ನಕ್ಕ. ತಾನು ಯಾಕೆ ನಕ್ಕೆ ಅನ್ನುವುದು ಅವನಿಗೆ ಇವತ್ತಿಗೂ ಚೆನ್ನಾಗಿ ಗೊತ್ತು, ಅದೇ ಅವನ ಸಂಕಟ. ಅದಕ್ಕೆ ಹಿಂದಿನ ವಾರವಷ್ಟೇ ಗೋಪೀನಾಥ ಅವನ ಚಕ್ರ ಅಳೆಯುವ ದಾರವನ್ನು ಎತ್ತಿ ಮೋರಿಯ ಪಕ್ಕ ಎಸೆದಿದ್ದ.

ಬಾಪೂಜಿ ನಗರದಲ್ಲಿ ಮುರುಗೇಶ್ ಮೇಸ್ತ್ರಿಯ ಹತ್ತಿರ ಅವನು ಕೆಲಸ ಕಲಿತಾಗ ಕಂಪ್ಯೂಟರ್ ಎಲ್ಲಿತ್ತು? ಕಾರಿನ ಎರಡು ಬದಿಗೂ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ನೈಲಾನ್ ದಾರ ಎಳೆದು ಕಟ್ಟಿ, ಚಕ್ರದ ಅಂಚಿಗೂ ದಾರಕ್ಕೂ ನಡುವೆ ಎಷ್ಟು ಸಂದು ಇದೆ ಅಂತ ಸ್ಟೀಲ್ ಸ್ಕೇಲಿನಲ್ಲಿ ನೋಡುವುದು. ಚಕ್ರದ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು. ಎರಡೂ ಹೆಚ್ಚುಕಮ್ಮಿ ಒಂದೇ ಇದ್ದರೆ ಚಕ್ರ ನೆಟ್ಟಗಿದೆ. ದಾರಕ್ಕೆ ಮುಂದಿನ ಚಕ್ರ ಹಿಂದಿನ ಚಕ್ರ ಅನ್ನುವ ಭೇದವಿಲ್ಲ, ನಾಲ್ಕನ್ನೂ ಮುಟ್ಟಿಕೊಂಡೇ ಹೋಗುತ್ತದೆ. ಕಂಪ್ಯೂಟರ್ ಬಂದ ಮೇಲೂ ಅವನು ಅನುಮಾನ ಬಂದ ಗಾಡಿಗೆ ದಾರ ಕಟ್ಟುತ್ತಿದ್ದ. ದೊಡ್ಡ ಕಾರೊಂದರ ಗಿರಾಕಿ ಅದನ್ನು ನೋಡಿ ಫೋಟೋ ಹೊಡೆದುಕೊಂಡಾಗ ಗೋಪೀನಾಥನಿಗೆ ಮರ್ಯಾದೆ ಹೋದಂತಾಯಿತು. ಏನ್ ಸಿದ್ದಣ್ಣ, ಇಷ್ಟು ದುಡ್ಡು ಸುರಿದು ಮೆಷಿನ್ ತಂದಿರೋದು ನೀವು ಹೂವು ಕಟ್ಟೋದಕ್ಕಾ ಅಂತ ಎಲ್ಲರೆದುರಿಗೆ ಅಂದ. ಗೋಪೀನಾಥನನ್ನು ಅವನು ಚಡ್ಡಿ ಹಾಕುವ ಕಾಲದಿಂದ ನೋಡಿದವನು. ಇವನ ಅಪ್ಪ, ದೊಡ್ಡ ಯಜಮಾನರು, ಇದ್ದಿದ್ದರೆ ಈ ಮಾತು ಬರುತ್ತಿರಲಿಲ್ಲ ಅಂತ ಮನೆಯಲ್ಲಿ ಹೆಂಡತಿಯ ಮುಂದೆ ಹೇಳಿಕೊಂಡ. ಸಂಜೆ ಮೋರಿಯ ಪಕ್ಕದಿಂದ ದಾರ ಹೆಕ್ಕಿ, ತೊಳೆದು, ಸ್ಪಾನರ್ ಡಬ್ಬಿಯ ತಳದಲ್ಲಿಟ್ಟ. ಆಮೇಲೆ ಅದನ್ನು ಹೊರಗೆ ತೆಗೆದಿರಲಿಲ್ಲ.

ಆ ಎರಡನೇ ಸಲ ಎಲ್ಲರೂ ನಕ್ಕು ಮುಗಿದ ಮೇಲೆ, ಜಂಬಣ್ಣನವರು ನೋಟ್‌ಬುಕ್ಕನ್ನು ಮಡಿಚಿ ಕಂಕುಳಿಗೆ ಸೇರಿಸಿಕೊಂಡು ನಿಂತಿದ್ದಾಗ, ರೇವಣಸಿದ್ದ ಸುಮ್ಮನೆ ಎಡಗಡೆಯ ಹಿಂದಿನ ಟೈರಿನ ಮೇಲೆ ಅಂಗೈ ಎಳೆದಿದ್ದ. ಹೊರಗಿನಿಂದ ಒಳಗೆ ಎಳೆದರೆ ನುಣುಪು, ಒಳಗಿನಿಂದ ಹೊರಗೆ ಎಳೆದರೆ ತುರಿಯುವ ಮಣೆ. ಸೊಟ್ಟ ನಡೆಯುವ ಚಕ್ರಕ್ಕೆ ಮಾತ್ರ ಹಾಗಾಗುತ್ತದೆ. ಕೈಗೆ ಗೊತ್ತಾಯಿತು. ಇಪ್ಪತ್ತೆಂಟು ವರ್ಷದ ಕೈ, ಅದು ತಪ್ಪುವುದಿಲ್ಲ. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಮುಖ ಎತ್ತಿದರೆ ಜಂಬಣ್ಣನವರು ಅವನನ್ನೇ ನೋಡುತ್ತಿದ್ದರು. ಕೇಳಲಿಲ್ಲ, ನೋಡಿದರು ಅಷ್ಟೆ. ಎಲ್ಲಾ ಸರಿಯಾಗಿದೆ ಸಾರ್ ಅಂದ.

ಈಗ ಅಂಗಡಿಯಲ್ಲಿ ಯಾರೂ ಇಲ್ಲ. ಫ್ಯಾನು ತಿರುಗುತ್ತಿಲ್ಲ, ಪಕ್ಕದ ಹಿಟ್ಟಿನ ಗಿರಣಿಯೂ ನಿಂತು ಗಲ್ಲಿಗೆ ಗಲ್ಲಿಯೇ ಕಿವುಡಾದಂತಿತ್ತು. ಕಾರನ್ನು ಗುಂಡಿಯ ಮೇಲೆ ಹತ್ತಿಸದೆ ಅವನು ಡ್ರಮ್ಮಿನಿಂದ ಒಂದು ಬಕೆಟ್ ನೀರು ತಂದು ಗಲ್ಲಿಯ ಸಿಮೆಂಟಿನ ಮೇಲೆ ಸುರಿದ. ಏನು ಮಾಡುತ್ತಿದ್ದೀನಿ ಅಂತ ಅವನಿಗೆ ಅವನೇ ಹೇಳಿಕೊಳ್ಳಲಿಲ್ಲ. ಕಾರು ಹತ್ತಿ, ಸ್ಟೇರಿಂಗನ್ನು ಒಂದು ಕೂದಲೂ ಅಲುಗಿಸದೆ ನೀರು ದಾಟಿಸಿ ಇಪ್ಪತ್ತು ಅಡಿ ಮುಂದೆ ನಿಲ್ಲಿಸಿ, ಇಳಿದು ಬಂದು ಕುಕ್ಕರಗಾಲಿನಲ್ಲಿ ಕೂತ. ಮುಂದಿನ ಚಕ್ರದ ಜಾಡು, ಅದರ ಎಡಕ್ಕೆ ಹಿಂದಿನ ಚಕ್ರದ ಅಂಚು. ಬಿಸಿಲಿಗೆ ಎರಡೂ ಬೇಗ ಬೇಗ ಆರುತ್ತಿದ್ದವು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಅದರ ಮೇಲೇ ಕಾಲಿಟ್ಟು, ಏನಣ್ಣ ಬಿದ್ದೋಯ್ತಾ ಅಂತ ಕೇಳಿಕೊಂಡು ಹೋದಳು. ಅವನು ಸ್ಕೇಲ್ ಇಟ್ಟ. ಮೂರು ಸೆಂಟಿಮೀಟರು. ನೋಟ್‌ಬುಕ್ಕಿನಲ್ಲಿದ್ದದ್ದೂ ಮೂರೇ. ಆ ಮನುಷ್ಯ ಎಪ್ಪತ್ತರ ವಯಸ್ಸಿನಲ್ಲಿ ನಡುರಸ್ತೆಯಲ್ಲಿ ಹೀಗೆ ಮೊಣಕಾಲೂರಿ ಕೂತು, ಹೋಗುವವರು ಬರುವವರು ನೋಡುತ್ತಿರುವಾಗ, ಐದು ಸಲ ಅಳೆದಿದ್ದ. ಅಳೆದದ್ದು ಸರಿಯಾಗಿತ್ತು.

ಡಬ್ಬಿಯ ತಳದಿಂದ ದಾರ ತೆಗೆದು ನಾಲ್ಕು ಮೂಲೆಗೆ ನಾಲ್ಕು ಸ್ಟ್ಯಾಂಡಿಟ್ಟು ಕಟ್ಟಿದ. ಬೆರಳಿನಿಂದ ಮೀಟಿದರೆ ಜುಂಯ್ ಅನ್ನುವಷ್ಟು ಬಿಗಿ ಇರಬೇಕು ಅಂತ ಮುರುಗೇಶ್ ಮೇಸ್ತ್ರಿ ಹೇಳುತ್ತಿದ್ದರು. ಮುಂದಿನ ಎರಡೂ ಸರಿ. ಹಿಂದಿನ ಬಲ, ಒಂದು ಮಿಲಿಮೀಟರು ಅತ್ತಿತ್ತ, ಅದು ಲೆಕ್ಕಕ್ಕಿಲ್ಲ. ಹಿಂದಿನ ಎಡಕ್ಕೆ ಬಂದಾಗ ಚಕ್ರದ ಮುಂದಿನ ಅಂಚು ದಾರದ ಕಡೆಗೆ ಚಾಚಿಕೊಂಡಿದ್ದು ಸ್ಕೇಲ್ ಇಡುವ ಮೊದಲೇ ಕಣ್ಣಿಗೆ ಕಂಡಿತು. ಎಂಟು ಮಿಲಿಮೀಟರು. ಕಿರುಬೆರಳಿನ ಅಗಲಕ್ಕಿಂತ ಕಮ್ಮಿ. ಕಾರನ್ನು ಹಿಂದೆ ಮುಂದೆ ಉರುಳಿಸಿ ಮತ್ತೆ ನೋಡಿದ, ಎಂಟೇ. ದಾರ ಬಿಚ್ಚಿ ಮತ್ತೆ ಕಟ್ಟಿ ನೋಡಿದ. ಏಳು ಬರಲಿ, ಆರು ಬರಲಿ, ಯಾವನಿಗೂ ತಿಳಿಯದಷ್ಟು ಕಮ್ಮಿ ಬರಲಿ ಅಂತ ತಾನು ಆಸೆಪಡುತ್ತಿದ್ದೇನೆ ಅನ್ನುವುದು ಮೂರನೇ ಸಲ ಬಗ್ಗಿದಾಗ ಅರಿವಾಗಿ, ಸ್ಕೇಲನ್ನು ಜೇಬಿಗಿಟ್ಟು ನೆಲದ ಮೇಲೇ ಕೂತುಬಿಟ್ಟ.

ಮೂರನೇ ಸಲ ಅವರು ಬಂದಾಗ ಜೊತೆಗೆ ಮಗಳಿದ್ದಳು. ಕಾರಿನ ಎಡಬದಿಯಲ್ಲಿ ಉದ್ದಕ್ಕೆ ಗೀರು. ಗೇಟಿನ ಕಂಬಕ್ಕೆ ಉಜ್ಜಿಸಿದ್ದರು. ಗಾಡಿಯ ಹಿಂಭಾಗ ನಾನು ತಿಳಿದ ಕಡೆ ಇರಂಗಿಲ್ಲ ಅಂತ ಜಂಬಣ್ಣನವರು ತಡವರಿಸುತ್ತ ಅಂದರು. ಮತ್ತೆ ಹೆಡ್ಡು, ಮತ್ತೆ ಹಸಿರು. ಅವರು ಬಾತ್‌ರೂಮಿಗೆ ಅಂತ ಹಿಂದಕ್ಕೆ ಹೋದಾಗ ಶರಣ್ಯಾ ಅವನನ್ನು ಟೈರುಗಳ ಪಕ್ಕಕ್ಕೆ ಕರೆದಳು. ರಾತ್ರಿ ಎದ್ದು ಟೇಪು ಹಿಡಿದು ಕಾರಿನ ಸುತ್ತ ಓಡಾಡುತ್ತಾರೆ, ನಾಲ್ಕು ಅಂಗಡಿ ಸುತ್ತಿದ್ದಾಯಿತು, ಮನೆಯಲ್ಲಿ ಇದೇ ಮಾತು, ನನಗೆ ಹೆದರಿಕೆಯಾಗುತ್ತಿದೆ ಅಂದಳು. ಕಣ್ಣಿನಲ್ಲಿ ನೀರಿತ್ತು. "ನಿಜ ಹೇಳಿ. ಕಾರಲ್ಲಿ ಏನಾದ್ರೂ ಇದೆಯಾ, ಇಲ್ಲಾ ಅಪ್ಪಾಜಿಗೇ ಏನಾದ್ರೂ ಆಗಿದೆಯಾ? ನೀವು ಹೇಳಿದ್ರೆ ನಂಬ್ತೀನಿ." ಗಾಜಿನ ಗೂಡಿನೊಳಗಿನಿಂದ ಗೋಪೀನಾಥ ನೋಡುತ್ತಿದ್ದ. ಓದಿದ ಹೆಂಗಸು, ಬ್ಯಾಂಕಿನವಳು, ನೀವು ಹೇಳಿದರೆ ನಂಬುತ್ತೇನೆ ಅನ್ನುತ್ತಿದ್ದಾಳೆ. ಅವಳಿಗೆ ಒಂದು ಖಚಿತವಾದ ಉತ್ತರ ಬೇಕಿತ್ತು, ಅವನ ಹತ್ತಿರ ಅದಿತ್ತು, ಕೊಡುವವನ ಗತ್ತಿನಲ್ಲಿ ಕೊಟ್ಟ. "ಕಾರಲ್ಲಿ ಏನೂ ಇಲ್ಲ ಮೇಡಂ. ವಯಸ್ಸಾದವ್ರಿಗೆ ಒಂದೊಂದ್ಸಲ ಹಂಗನ್ಸುತ್ತೆ."

ಅದು ಸುಳ್ಳು ಅಂತ ಹೇಳುವಾಗಲೇ ಗೊತ್ತಿತ್ತೆ? ಈ ಹದಿನಾಲ್ಕು ತಿಂಗಳಲ್ಲಿ ಇದನ್ನು ಎಷ್ಟು ಸಲ ಕೇಳಿಕೊಂಡಿದ್ದಾನೋ. ಗೊತ್ತಿರಲಿಲ್ಲ, ದಾರ ಕಟ್ಟಿ ನೋಡಿರಲಿಲ್ಲ, ಕೈಗೆ ಅನ್ನಿಸಿದ್ದು ಲೆಕ್ಕವೇ, ಮೆಷಿನ್ ಹಸಿರು ತೋರಿಸಿದಾಗ ನಾನ್ಯಾವನು ಅಂತ ಒಂದು ಕಡೆ. ದಾರ ಕಟ್ಟದೇ ಇದ್ದದ್ದೇ ಗೊತ್ತಾಗಿಬಿಡುತ್ತದೆ ಅನ್ನುವ ಹೆದರಿಕೆಗೆ ಅಲ್ಲವೇ ಅಂತ ಇನ್ನೊಂದು ಕಡೆ. ಬಸ್ಸಿನಲ್ಲಿ ಕೂತಾಗ, ಹಲ್ಲುಜ್ಜುವಾಗ, ಹೆಂಡತಿ ಏನೋ ಕೇಳಿ ಉತ್ತರಕ್ಕೆ ಕಾಯುತ್ತಿರುವಾಗ ಆ ಮಾತು ಹಾಗೇ ಕಿವಿಗೆ ಬರುತ್ತಿತ್ತು, ವಯಸ್ಸಾದವ್ರಿಗೆ ಒಂದೊಂದ್ಸಲ. ಆವತ್ತು ಜಂಬಣ್ಣನವರು ಬಾತ್‌ರೂಮಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಡ್ರೈವರ್ ಸೀಟಿನ ಬಾಗಿಲಿಗೆ ಕೈ ಹಾಕಿದರು. ಮಗಳು, ನಾನು ಓಡಿಸ್ತೀನಿ ಅಪ್ಪಾಜಿ ಅಂತ ಕೀ ಇಸಿದುಕೊಂಡಳು. ಅವರು ಒಂದು ಕ್ಷಣ ನಿಂತು, ಸುತ್ತು ಹಾಕಿ ಹೋಗಿ ಎಡಗಡೆ ಕೂತರು. ಬೆಲ್ಟ್ ಸಿಕ್ಕಿಸಿಕೊಳ್ಳಲು ಬರಲಿಲ್ಲ. ರೇವಣಸಿದ್ದನೇ ಬಗ್ಗಿ ಸಿಕ್ಕಿಸಿದ್ದ.

ಕರೆಂಟ್ ಬರುವ ಹೊತ್ತಿಗೆ ಅವನು ಅರ್ಧ ಕೆಲಸ ಮುಗಿಸಿದ್ದ. ಹಿಂದಿನದು ಫಿಕ್ಸು ಅನ್ನುವ ಮಾತೂ ಪೂರ್ತಿ ನಿಜವಲ್ಲ. ಚಕ್ರ ಬಿಚ್ಚಿ, ಡ್ರಮ್ ತೆಗೆದು, ಆಕ್ಸಲ್ಲಿನ ತುದಿಯ ನಾಲ್ಕು ಬೋಲ್ಟು ಸಡಿಲಿಸಿ, ನಡುವೆ ಒಂದು ಪಕ್ಕ ದಪ್ಪ ಒಂದು ಪಕ್ಕ ತೆಳುವಾದ ತಗಡಿನ ಬಿಲ್ಲೆ ಕೂರಿಸಿದರೆ ಚಕ್ರ ತಿರುಗಿ ನಿಲ್ಲುತ್ತದೆ. ಶಿಮ್ ಅನ್ನುತ್ತಾರೆ. ಎರಡು ಗಂಟೆಯ ಕೆಲಸ, ಯಾರೂ ಕೈ ಹಾಕುವುದಿಲ್ಲ, ಅಷ್ಟೆ. ಹಳೇ ಡಬ್ಬಿಯಲ್ಲಿ ಹುಡುಕಿ ಸರಿಯಾದದ್ದು ಆರಿಸಿ, ದಪ್ಪ ಪಕ್ಕ ಹಿಂದಕ್ಕೆ ಮಾಡಿ ಕೂರಿಸಿ ಬಿಗಿದ. ಮತ್ತೆ ದಾರ. ಎಂಟು ಹೋಗಿ ಅರ್ಧ ಮಿಲಿಮೀಟರ್ ಆಗಿತ್ತು. ಎಷ್ಟು ಸುಲಭವಾಗಿ ಸರಿಹೋಯಿತು ಅಂತ ನೋಡಿ ಅವನಿಗೆ ಅಳು ಬಂದಂತಾಯಿತು. ಕಂಪ್ಯೂಟರ್ ಹಾಕಿ, ಗೋಡೆಯ ಮೇಲಿನ ಎರಡು ಹೆಡ್ಡು ಇಳಿಸಿ ಧೂಳು ಒರೆಸಿ, ನಾಲ್ಕು ಚಕ್ರಕ್ಕೂ ಸಿಕ್ಕಿಸಿ ಪ್ರಿಂಟ್ ತೆಗೆದ. ಎಲ್ಲಾ ಹಸಿರು. ಮೊದಲಿನ ಹಾಳೆಗಳೂ ಹಸಿರೇ ಇದ್ದವಲ್ಲ, ಯಾವನು ನಂಬುತ್ತಾನೆ, ಅಂದುಕೊಂಡು ಮಡಿಚಿ ಡ್ಯಾಶ್‌ಬೋರ್ಡಿನೊಳಗೆ ತುರುಕಿದ. ನಾಗರಭಾವಿಯ ರಿಂಗ್ ರಸ್ತೆಯಲ್ಲಿ ಓಡಿಸಿ ನೋಡಿದ. ಕಾರು ನೆಟ್ಟಗೆ ನಡೆಯಿತು. ಸೊಟ್ಟಗಿದ್ದದ್ದು ಗೊತ್ತಾಗುವುದು ನೆಟ್ಟಗಾದ ಮೇಲೇ. ಈ ವ್ಯತ್ಯಾಸ ಕಾರಿನ ಕೆಲಸದಲ್ಲೇ ಬದುಕುವ ತನಗೆ ಈಗ ತಿಳಿಯುತ್ತಿದೆ, ಆ ಮನುಷ್ಯನಿಗೆ ಮೊದಲ ದಿನವೇ ತಿಳಿದಿತ್ತು.

ಹೇಳಿಬಿಡಬೇಕು ಅಂತ ಹಾವನೂರು ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ತೀರ್ಮಾನವಾಯಿತು. ತೀರ್ಮಾನವಾದ ಕೂಡಲೇ ಮನಸ್ಸು ಸುಖಪಡತೊಡಗಿತು, ಅದು ಅವನಿಗೆ ಹಿಡಿಸಲಿಲ್ಲ. ಅವರ ಮುಖ ಹೇಗೆ ಅರಳುತ್ತದೆ, ಎದ್ದು ನಿಂತು ಮಗಳ ಕಡೆ ಹೇಗೆ ನೋಡುತ್ತಾರೆ, ಕೋಪ ಬಂದು ತನ್ನನ್ನು ಬೈಯುತ್ತಾರೆ, ಬೈಯಲಿ, ಕೆನ್ನೆಗೆ ಎರಡು ಬಿಗಿಯಲಿ, ಆಮೇಲೆ ರೇವಣಸಿದ್ದಪ್ಪನವರೆ ಕೂಡ್ರಿ ಅನ್ನುತ್ತಾರೆ. ಸಿನಿಮಾ ನೋಡಿದ ಹಾಗೆ ಒಂದೊಂದಾಗಿ ನೋಡುತ್ತ ಓಡಿಸಿದ.

ಮನೆಯ ಗೇಟು ತೆಗೆದದ್ದು ಶರಣ್ಯಾ. ಆಗಷ್ಟೇ ಕೆಲಸದಿಂದ ಬಂದಿದ್ದಳು, ಹೆಗಲಿನ ಬ್ಯಾಗೂ ಇಳಿಸಿರಲಿಲ್ಲ. ಜಂಬಣ್ಣನವರು ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಎಷ್ಟು ಇಳಿದುಹೋಗಿದ್ದರು ಅಂದರೆ ಅಂಗಿಯ ಕಾಲರಿನೊಳಗೆ ಕುತ್ತಿಗೆ ಎಲ್ಲಿದೆ ಅಂತ ಹುಡುಕಬೇಕು. ಜೇಬಿನಲ್ಲಿ ಪೆನ್ನಿರಲಿಲ್ಲ. ಅವನನ್ನು ನೋಡಿ ಗುರುತು ಹಿಡಿದು ಕೈಮುಗಿದರು, ಮಗಳ ಕಡೆ ತಿರುಗಿ, ನಂದು ಚಾ ಆಯ್ತೇನವ್ವ ಅಂತ ಕೇಳಿದರು. ಆಯ್ತು ಅಪ್ಪಾಜಿ, ನಾಲ್ಕು ಗಂಟೆಗೆ ಕುಡಿದ್ರಲ್ಲ, ಪಕ್ಕದ್ಮನೆ ಆಂಟಿ ಹೇಳಿದ್ರು, ಅಂದಳು. ಹೌದಾ, ಅಂದರು. ಆವತ್ತು ನೀವು ಹೇಳಿದ ಮೇಲೆ ತೋರಿಸಿದ ಡಾಕ್ಟರು ಕೊಟ್ಟ ಮಾತ್ರೆಗೆ ಮಂಪರು ಜಾಸ್ತಿ, ಒಬ್ಬರನ್ನೇ ರಸ್ತೆ ದಾಟಲು ಬಿಡುವಂತಿಲ್ಲ, ಮೆಟ್ಟಿಲಿಳಿಯುವಾಗ ಗೋಡೆ ನೆಟ್ಟಗಿದೆಯಾ ಅಂತ ಕೇಳುತ್ತಾರೆ ಅಂತ ಅವಳು ದನಿ ತಗ್ಗಿಸಿ ಹೇಳಿದಳು, ಅವರಿಗೆ ಕೇಳಿಸಿದರೂ ಪರವಾಗಿಲ್ಲ ಅನ್ನುವ ಹಾಗೆ.

ರೇವಣಸಿದ್ದ ಹೇಳಿದ. ದಾರಿಯಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಮರೆತು, ಹಿಂದಿನ ಎಡಚಕ್ರ, ಎಂಟು ಮಿಲಿಮೀಟರು, ನೀರಿನ ಜಾಡು, ಮೂರು ಸೆಂಟಿಮೀಟರು ಅಂತ ಅಡ್ಡಾದಿಡ್ಡಿಯಾಗಿ ಹೇಳಿದ. "ನೀವು ಹೇಳಿದ್ದೇ ಸರಿ ಸಾರ್. ನಂಗೆ ಆಗ್ಲೇ ಅನುಮಾನ ಇತ್ತು. ನಾನೇ ಸುಳ್ಳು ಹೇಳ್ದೆ." ಜಂಬಣ್ಣನವರ ಮುಖದಲ್ಲಿ ಏನೂ ಆಗಲಿಲ್ಲ. ಬೇರೆ ಯಾರದೋ ವಿಷಯ ಕೇಳಿದ ಹಾಗೆ ಮರ್ಯಾದೆಯಿಂದ ತಲೆಯಾಡಿಸಿದರು. ಶರಣ್ಯಾ ಗೇಟಿನ ಸರಳು ಹಿಡಿದು ನಿಂತಿದ್ದಳು. ಅವಳ ತುಟಿ ಬಿಳಚಿಕೊಂಡಿತ್ತು. "ನಾನು ನಿಮ್ಮನ್ನ ಕೇಳಿದ್ದೆ" ಅಂದಳು. ಹೆಗಲಿನ ಬ್ಯಾಗು ಇಳಿಸಿ ನೆಲಕ್ಕಿಟ್ಟು, "ನಾಳೆ ಬೆಳಿಗ್ಗೆ ಕಾರ್ ಹೋಗುತ್ತೆ. ಈಗ್ಯಾಕೆ ಹೇಳ್ತೀರಾ ಇದನ್ನೆಲ್ಲ?" ಅಂದಳು. ಜಂಬಣ್ಣನವರೇ ನಡುವೆ ಬಂದು, ಬೈಬ್ಯಾಡವ್ವ, ಅವರದೇನೂ ತಪ್ಪಿಲ್ಲ, ನನ್ನ ಕಣ್ಣಾಗ ದೋಷ ಐತಿ, ಡಾಕ್ಟ್ರು ಹೇಳ್ಯಾರಲ್ಲ, ಅಂತ ಮಗಳನ್ನು ಸಮಾಧಾನ ಮಾಡಿದರು. ಆಮೇಲೆ ಅವನ ಕಡೆ ತಿರುಗಿ, ಮುದುಕನ ಮನಸ್ಸು ನೋಯಬಾರದು ಅಂತ ಹೇಳಾಕ ಬಂದೀರಿ, ದೊಡ್ಡವರು ನೀವು, ಅಂದರು.

ಇಲ್ಲಿಗೆ ನಿಲ್ಲಿಸಿ ಬಂದುಬಿಡಬೇಕಿತ್ತು. ಅವನಿಂದ ಆಗಲಿಲ್ಲ. ಈ ಮನುಷ್ಯ ನಂಬದೆ ಹೋದರೆ ತಾನು ಹೇಳಿದ್ದಕ್ಕೆ ಏನರ್ಥ, ಇವತ್ತಿನ ರಾತ್ರಿಯೂ ಆ ಮಾತು ಕಿವಿಗೆ ಬರುವ ರಾತ್ರಿಯೇ. ಒಂದು ರೌಂಡು ನೀವೇ ಓಡಿಸಿ ನೋಡಿ ಸಾರ್, ಮೊದಲಿಗೂ ಈಗಿಗೂ ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ ಅಂತ ದುಂಬಾಲುಬಿದ್ದ. ಬ್ಯಾಡ್ರಿ ಅಂದರು. ಒಂದು ವರ್ಷದಿಂದ ಮುಟ್ಟಿಲ್ಲ ಅವರು ಅಂತ ಶರಣ್ಯಾ ಅಂದಳು, ಆದರೆ ಅವಳ ದನಿಯಲ್ಲಿ ತಡೆಯುವ ಗಟ್ಟಿತನ ಉಳಿದಿರಲಿಲ್ಲ. ಅಪ್ಪನನ್ನೇ ದಿಟ್ಟಿಸುತ್ತಿದ್ದಳು, ಅವಳಿಗೂ ಏನೋ ಬೇಕಾಗಿತ್ತು. ಇಲ್ಲೇ ಬೀದಿಯ ತುದಿವರೆಗೆ ಸಾರ್, ಯಾರೂ ಇಲ್ಲ, ನಾನು ಪಕ್ಕದಲ್ಲೇ ಕೂತಿರ್ತೀನಿ. ಕೊನೆಗೆ ಅವರು ಮಗಳ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಎದ್ದು ಬಂದು ಕಾರಿನ ಬಾನೆಟ್ಟಿನ ಮೇಲೆ ಕೈ ಊರಿಕೊಂಡು ಸುತ್ತು ಹಾಕಿ ಡ್ರೈವರ್ ಸೀಟಿನಲ್ಲಿ ಕೂತರು.

ಕಾರು ಹೊರಟಿತು. ಗೇರು ಬದಲಾಯಿಸಿದ ಕೈ ನಡುಗಲಿಲ್ಲ, ಕ್ಲಚ್ಚು ಕುಲುಕಲಿಲ್ಲ, ದೇಹಕ್ಕೆ ಎಲ್ಲಾ ನೆನಪಿತ್ತು. ಸಂಜೆಯ ಬೆಳಕಿನಲ್ಲಿ ಬೀದಿ ಉದ್ದಕ್ಕೆ ನೇರವಾಗಿ ಬಿದ್ದಿತ್ತು, ಎರಡೂ ಕಡೆ ನಿಲ್ಲಿಸಿದ ಸ್ಕೂಟರುಗಳು, ಹೊಂಗೆ ಮರಗಳು. ಇಪ್ಪತ್ತರ ಸ್ಪೀಡಿನಲ್ಲಿ ಕಾರು ಆ ನಡುವೆ ಒಂದಿಷ್ಟೂ ವಾಲದೆ ಹೋಗುತ್ತಿತ್ತು. ರೇವಣಸಿದ್ದ ಅವರ ಮುಖವನ್ನೇ ನೋಡುತ್ತಿದ್ದ. ಈಗ ಗೊತ್ತಾಗುತ್ತೆ, ಈಗ. ಅವರ ಹುಬ್ಬು ಗಂಟಿಕ್ಕಿತು, ಕಣ್ಣು ರಸ್ತೆಯ ಮೇಲಿಂದ ಸ್ಟೇರಿಂಗಿಗೆ ಬಂದು ಮತ್ತೆ ರಸ್ತೆಗೆ ಹೋಯಿತು. ಬೀದಿಯ ಅರ್ಧಕ್ಕೆ ಬಂದಿರಬೇಕು, ಅವರು ಬ್ರೇಕ್ ಒತ್ತಿ ನಡುರಸ್ತೆಯಲ್ಲೇ ನಿಲ್ಲಿಸಿದರು. ಎರಡೂ ಕೈ ಸ್ಟೇರಿಂಗಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೆಂಗಿದೆ ಸಾರ್? ನೇರ ಇದೆ ಅಲ್ವಾ?" ಅಂದ ರೇವಣಸಿದ್ದ.

"ನನಗ ಗೊತ್ತಾಗಂಗಿಲ್ರಿ" ಅಂದರು ಜಂಬಣ್ಣನವರು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಾಚಿಕೆಯ ನಗು ನಕ್ಕರು. "ನೀವ ಹೇಳ್ರಿ. ನೀವು ಹೆಂಗಂತೀರಿ ಹಂಗ."

ಹಿಂದೆ ಸ್ಕೂಟರಿನವನೊಬ್ಬ ಹಾರ್ನ್ ಮಾಡಿದ. ರೇವಣಸಿದ್ದ ಬಾಯಿ ತೆರೆದ. ತಾನು ನೇರ ಅಂದರೂ ಸೊಟ್ಟ ಅಂದರೂ ಈ ಮನುಷ್ಯ ಒಂದೇ ಥರ ತಲೆಯಾಡಿಸುತ್ತಾರೆ ಅನ್ನುವುದು ಆಗ ತಿಳಿಯಿತು. ಜಂಬಣ್ಣನವರು ಅವನ ಮುಖ ನೋಡುತ್ತ ಕಾಯುತ್ತಿದ್ದರು.